ಡಬ್ಬಿಯ ಆಯುಸ್ಸೂ ಪ್ರಯಾಣಿಕನ ಆಯುಸ್ಸೂ

ಮನುಷ್ಯನಿಗೆ ಜಾತಕವಿರುವಂತೆ ರೈಲುಗಾಡಿಯ ಡಬ್ಬಿಗೂ ಒಂದು ಜಾತಕವುಂಟೆಂಬ ಸಂಗತಿಯು ನಮ್ಮ ವಾಚಕರಲ್ಲಿ ಬಹುಮಂದಿಗೆ ತಿಳಿದಿರಲಾರದು. ಅದು ಹುಟ್ಟಿದ ವರ್ಷ, ಅದು ಸೇರಿದ ದರ್ಜೆ, ಕಾರ್ಖಾನೆಯಲ್ಲಿ ಅದಕ್ಕೆ ಕೊನೆಯದಾಗಿ ದುರಸ್ತಿ ನಡೆದ ಕಾಲ, ಮರಳಿ ಅಲ್ಲಿಗೆ ಹೋಗಬೇಕಾದ ಗಡುವು, ಇವೆಲ್ಲವೂ ಅದರ ಮೈಮೇಲೆಯೇ ಬಣ್ಣದ ಅಕ್ಷರಗಳಲ್ಲಿ ಬರೆಯಲ್ಪಟ್ಟಿರುವುವು. ಆದರೆ ಕೈಯಲ್ಲೊಂದು ಚೀಲ, ಕಂಕುಳಲ್ಲೊಂದು ಮಗು, ಹಿಂದೆ ಪ್ರಾಯಸ್ಥರಾದ ತಾಯಿತಂದೆ, ಈ ಗಡಿಬಿಡಿಯಲ್ಲಿ ನಾವು ಹುಡುಕುವುದು ನಮಗೆ ಗೊತ್ತುಮಾಡಿದ ಹಲಗೆಯ ಸಂಖ್ಯೆಯೊಂದನ್ನೇ. ಹುಡುಗಿಯನ್ನು ಕೊಡುವಾಗ ಹುಡುಗನ ಪ್ರಾಯವನ್ನು ಕೇಳುತ್ತೇವೆ. ಎತ್ತನ್ನು ಕೊಳ್ಳುವಾಗ ಬಾಯಿ ತೆರೆದು ಹಲ್ಲನ್ನು ನೋಡುತ್ತೇವೆ. ಇರುಳಿಡೀ ನಮ್ಮ ಸಂಸಾರವನ್ನು ಹೊತ್ತು ಓಡುವ ವಾಹನಕ್ಕೆ ಎಷ್ಟು ವರ್ಷವಾಯಿತೆಂದು ಕೇಳುವ ಅಭ್ಯಾಸವು ಮಾತ್ರ ನಮಗೆ ಇನ್ನೂ ಬಂದಿಲ್ಲ.

ಈ ಮಾತನ್ನು ಇಂದು ಎತ್ತುವುದಕ್ಕೆ ಕಾರಣವುಂಟು. 2025ನೆಯ ಇಸವಿಯ ಫೆಬ್ರವರಿ ತಿಂಗಳಿನಲ್ಲಿ, ಮಂಗಳೂರಿಗೂ ಮುಂಬಯಿಗೂ ನಡುವೆ ಓಡುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಗಾಡಿಗೆ ಹೊಸ ಮಾದರಿಯ ಡಬ್ಬಿಗಳು ದೊರೆತವು. ಕೊಂಕಣ ರೈಲುಮಾರ್ಗವು ತೆರೆದ 1998ನೆಯ ಇಸವಿಯಲ್ಲಿಯೇ ಈ ಗಾಡಿಯು ಆರಂಭವಾಯಿತು. ಅಂದಿನಿಂದ ಇದು ನಮ್ಮ ಕರಾವಳಿಯವರಿಗೆ ಬರಿಯ ಗಾಡಿಯಲ್ಲ; ಮುಂಬಯಿಯ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ಮಕ್ಕಳನ್ನು ಊರಿನ ನೇಮಕ್ಕೂ ಮದುವೆಗೂ ಕರೆತಂದು, ಮರಳಿ ಕೊಂಡೊಯ್ಯುವ ನೆಂಟನೇ ಆಗಿರುವುದು. ಹೊಸ ಡಬ್ಬಿಗಳು ಬಂದವೆಂದು ಊರು ಸಂತೋಷಪಟ್ಟುದು ಸಹಜವೇ. ಆದರೆ ಸಂತೋಷದ ಗದ್ದಲದಲ್ಲಿ ಎರಡು ಪ್ರಶ್ನೆಗಳನ್ನು ಕೇಳುವವರಿಲ್ಲವಾದರು. ಬೀಳ್ಕೊಟ್ಟ ಹಳೆಯ ಮಾದರಿಯು ಎಂತಹದಾಗಿತ್ತು? ಹೊಸತು ಇಲ್ಲಿಗೆ ಬರಲು ಇಷ್ಟು ಕಾಲ ಹಿಡಿದುದೇಕೆ? ಈ ಎರಡನ್ನೂ ಇಂದು ವಿಚಾರಿಸುವೆವು.

ಸ್ವಾತಂತ್ರ್ಯವು ಬಂದಾಗ ನಮ್ಮ ದೇಶದ ಡಬ್ಬಿಗಳಲ್ಲಿ ಬಹಳಷ್ಟು, ಉಕ್ಕಿನ ಚೌಕಟ್ಟಿನ ಮೇಲೆ ಮರದ ಮನೆಯನ್ನು ಕಟ್ಟಿದಂಥವು. ಎರಡು ಗಾಡಿಗಳು ಡಿಕ್ಕಿ ಹೊಡೆದರೆ ಕೆಳಗಿನ ಉಕ್ಕು ಹೇಗೋ ಉಳಿಯುತ್ತಿದ್ದಿತು. ಮೇಲಿನ ಮರವು ಚೂರುಚೂರಾಗಿ ಒಳಗಿದ್ದವರನ್ನು ಇರಿಯುತ್ತಿದ್ದಿತು. ಒಂದು ಡಬ್ಬಿಯು ಮತ್ತೊಂದರ ಹೊಟ್ಟೆಯೊಳಕ್ಕೆ ನುಗ್ಗುತ್ತಿದ್ದಿತು. ಈ ಅನಾಹುತವನ್ನು ತಪ್ಪಿಸಬೇಕೆಂದು ಭಾರತ ಸರಕಾರವು 1949ರಲ್ಲಿ ಸ್ವಿಟ್ಜರ್ಲೆಂಡಿನ ಜೂರಿಚ್ ನಗರದ ಸಮೀಪದ ಶ್ಲೀರೆನ್ ಎಂಬಲ್ಲಿಯ ಗಾಡಿ ಕಾರ್ಖಾನೆಯೊಡನೆ ಒಪ್ಪಂದ ಮಾಡಿಕೊಂಡು, ಮದರಾಸಿನ ಪೆರಂಬೂರಿನಲ್ಲಿ ಇಂಟಿಗ್ರಲ್ ಕೋಚ್ ಫ್ಯಾಕ್ಟರಿಯನ್ನು ಕಟ್ಟಿಸಿತು. 1955ರ ಅಕ್ಟೋಬರ್ 2ರಂದು, ಗಾಂಧೀಜಯಂತಿಯ ದಿನವೇ, ಪ್ರಧಾನಿ ಜವಾಹರಲಾಲ ನೆಹರೂರವರು ಅದನ್ನು ಉದ್ಘಾಟಿಸಿದರು. ಮೊದಮೊದಲು ಅಲ್ಲಿ ಡಬ್ಬಿಯ ಬರಿಯ ಒಡಲು ಮಾತ್ರ ಸಿದ್ಧವಾಗುತ್ತಿದ್ದಿತು. ಆಸನ, ದೀಪ, ಕಿಟಕಿಗಳನ್ನು ಕೂಡಿಸಿ ಪೂರ್ಣಗೊಳಿಸುವ ವಿಭಾಗವು 1962ರಲ್ಲಿ ತೆರೆಯಲ್ಪಟ್ಟಿತು. ಈ ಕಾರ್ಖಾನೆಯ ಹೆಸರಿನ ಮೊದಲಕ್ಷರಗಳಿಂದಲೇ ಆ ಡಬ್ಬಿಯ ಮಾದರಿಗೆ ಐ.ಸಿ.ಎಫ್. ಎಂಬ ಹೆಸರು ಬಂದಿರುವುದು.

ಈ ಮಾದರಿಯ ರಹಸ್ಯವು ಅದರ ಒಡಲಿನಲ್ಲಿದೆ. ಮೊದಲಿನ ಡಬ್ಬಿಯಲ್ಲಿ ಭಾರವನ್ನೆಲ್ಲ ಹೊರುತ್ತಿದ್ದುದು ಕೆಳಗಿನ ಚೌಕಟ್ಟು. ಗೋಡೆ ಮಾಡುಗಳು ಬಿಸಿಲು ಮಳೆಗಳ ಮರೆಗಾಗಿ ಮಾತ್ರ ಇದ್ದವು. ಐ.ಸಿ.ಎಫ್. ಡಬ್ಬಿಯಲ್ಲಿ ನೆಲ, ಗೋಡೆ, ಮಾಡು, ಕೊನೆಯ ತಡೆಗೋಡೆ, ಇವೆಲ್ಲವನ್ನೂ ಉಕ್ಕಿನ ತಗಡಿನಿಂದ ಮಾಡಿ ಒಂದಕ್ಕೊಂದು ಬೆಸೆದು, ಬಿದಿರಿನ ಅಂಡೆಯಂತೆ ಒಂದೇ ಕೊಳವೆಯನ್ನಾಗಿ ಮಾಡಿದರು. ಬಿದಿರು ಟೊಳ್ಳಾದರೂ ಗಟ್ಟಿ, ಗಟ್ಟಿಯಾದರೂ ಹಗುರ ಎಂಬುದನ್ನು ನಮ್ಮ ಹಳ್ಳಿಯವರಿಗೆ ಹೇಳಿಕೊಡಬೇಕಾಗಿಲ್ಲ. ಇಲ್ಲಿಯೂ ಭಾರವು ಮೈಯೆಲ್ಲ ಹಂಚಿಹೋಗುವುದರಿಂದ ಒಡಲು ಹಗುರವಾಯಿತು. ಅಲ್ಲದೆ ಡಬ್ಬಿಯ ಎರಡು ತುದಿಗಳನ್ನು, ಡಿಕ್ಕಿಯಾದರೆ ತಾವು ಮೊದಲು ಕುಸಿದು ಏಟನ್ನು ನುಂಗಿಕೊಳ್ಳುವಂತೆಯೂ, ಜನರು ಕುಳಿತ ನಡುಭಾಗವು ಉಳಿಯುವಂತೆಯೂ ರಚಿಸಿದರು. ಇದು ಆ ಕಾಲಕ್ಕೆ ದೊಡ್ಡ ಮುನ್ನಡೆ ಎಂಬುದರಲ್ಲಿ ಸಂಶಯವಿಲ್ಲ.

ಇಲ್ಲಿ ಒಂದು ಶಬ್ದದ ಗೊಂದಲವನ್ನು ಬಿಡಿಸಬೇಕಾಗಿದೆ. ನಾವು ಬೋಗಿ ಎನ್ನುವುದು ಇಡೀ ಡಬ್ಬಿಯನ್ನು. ಯಂತ್ರಜ್ಞರು ಬೋಗಿ ಎನ್ನುವುದು ಡಬ್ಬಿಯ ಎರಡು ಕೊನೆಗಳ ಕೆಳಗೆ ಇರುವ, ನಾಲ್ಕು ನಾಲ್ಕು ಗಾಲಿಗಳ ಚೌಕಟ್ಟನ್ನು. ಡಬ್ಬಿಯು ಅದರ ಮೇಲೆ ಕುಳಿತಿರುವುದು. ಹಳಿಯು ತಿರುಗಿದಂತೆ ಅದೂ ತಿರುಗುವುದು. ಹಳೆಯ ಮಾದರಿಯಲ್ಲಿ ಸುರುಳಿ ಸ್ಪ್ರಿಂಗುಗಳೂ, ಎಣ್ಣೆಯಲ್ಲಿ ಮುಳುಗಿ ಕುಲುಕಾಟವನ್ನು ತಡೆಯುವ ಕೊಳವೆಗಳೂ ಈ ಚೌಕಟ್ಟಿನಲ್ಲಿದ್ದವು. ಡಬ್ಬಿಗೂ ಡಬ್ಬಿಗೂ ನಡುವೆ ತಿರುಪಿನ ಕೊಂಡಿ. ಅದರ ಎರಡು ಪಕ್ಕಗಳಲ್ಲಿ ಒಂದನ್ನೊಂದು ಒತ್ತಿ ನಿಲ್ಲುವ ದುಂಡು ಬಫರುಗಳು. ಗಾಡಿಯನ್ನು ನಿಲ್ಲಿಸಬೇಕಾದರೆ ಅಚ್ಚುಗಳು ಬಂದು ಗಾಲಿಯ ಮೈಯನ್ನೇ ಒತ್ತಿಹಿಡಿಯುತ್ತಿದ್ದವು. ದೀಪ ಫ್ಯಾನುಗಳಿಗೆ ಬೇಕಾದ ವಿದ್ಯುತ್ತನ್ನು ಗಾಲಿಯ ಅಚ್ಚಿನಿಂದ ಪಟ್ಟಿ ಹಾಕಿ ತಿರುಗಿಸುವ ಯಂತ್ರವೇ ಹುಟ್ಟಿಸಿ, ಬ್ಯಾಟರಿಯಲ್ಲಿ ಕೂಡಿಡುತ್ತಿದ್ದಿತು. ಡಬ್ಬಿಯ ಉದ್ದ ಸುಮಾರು 21.3 ಮೀಟರು, ಮಲಗುವ ದರ್ಜೆಯಲ್ಲಿ 72 ಹಲಗೆಗಳು, ಸಾಮಾನ್ಯ ವೇಗದ ಮಿತಿ ಗಂಟೆಗೆ 110 ಕಿಲೋಮೀಟರು. ಅರುವತ್ತಕ್ಕೂ ಹೆಚ್ಚು ವರ್ಷಗಳ ತನಕ ದೇಶವು ಪ್ರಯಾಣ ಮಾಡಿದುದು ಬಹುಮಟ್ಟಿಗೆ ಈ ಮಾದರಿಯಲ್ಲಿಯೇ. ಮೊದಲು ಕಂದುಗೆಂಪು, ಅನಂತರ ನೀಲಿ. ಬಣ್ಣ ಬದಲಾಯಿತು, ಒಡಲು ಅದೇ ಉಳಿಯಿತು.

ಮಂಗಳೂರಿಗೆ ರೈಲು ಬಂದುದು 1907ರಲ್ಲಿ, ತೆಂಕಣದಿಂದ, ನೇತ್ರಾವತಿಯನ್ನು ದಾಟಿ. ಘಟ್ಟದ ಮೇಲಿನ ಹಾಸನಕ್ಕೆ ಮೀಟರ್ ಗೇಜಿನ ಹಾದಿಯು ಪೂರ್ಣವಾದುದು 1979ರಲ್ಲಿ. ಸಕಲೇಶಪುರಕ್ಕೂ ಸುಬ್ರಹ್ಮಣ್ಯ ರೋಡಿಗೂ ನಡುವಣ ಸುಮಾರು 55 ಕಿಲೋಮೀಟರುಗಳ ಆ ದಾರಿಯಲ್ಲಿ, 50 ಅಡಿ ಮುಂದುವರಿದರೆ ಒಂದು ಅಡಿ ಇಳಿಯುವಂಥ ಇಳಿಜಾರು. ಬಾಲ್ಯದಲ್ಲಿ ನಾವು ಆ ಗಾಡಿಯಲ್ಲಿ ಇಳಿಯುವಾಗ, ಗಾಲಿಯನ್ನು ಒತ್ತಿದ ಅಚ್ಚುಗಳ ಕಿರುಚಾಟವೂ, ಕಾದ ಕಬ್ಬಿಣದ ವಾಸನೆಯೂ, ಸುರಂಗದ ಕತ್ತಲೆಯೂ ಕೂಡಿ, ಅಜ್ಜಿಯು ಸುಬ್ರಹ್ಮಣ್ಯನ ಹೆಸರನ್ನು ಜಪಿಸುತ್ತಿದ್ದುದು ಇನ್ನೂ ನೆನಪಿನಲ್ಲಿದೆ. ಹಳಿಯನ್ನು ಅಗಲಗೊಳಿಸಲೆಂದು 1996ರಲ್ಲಿ ಆ ಹಾದಿಯು ಮುಚ್ಚಿತು. ಸಾಮಾನು ಗಾಡಿಗಳಿಗೆ 2006ರಲ್ಲಿಯೂ, ಜನರ ಗಾಡಿಗಳಿಗೆ 2007ರ ಡಿಸೆಂಬರಿನಲ್ಲಿಯೂ ಅದು ಮರಳಿ ತೆರೆಯಿತು. ಹನ್ನೊಂದು ವರ್ಷಗಳ ವಿರಹವನ್ನು ಸಹಿಸಿದ ಊರಿಗೆ, ಬಂದ ಡಬ್ಬಿಯು ಹೊಸತೋ ಹಳೆಯದೋ ಎಂದು ವಿಚಾರಿಸುವ ಧೈರ್ಯವು ಉಳಿದಿರಲಿಲ್ಲ.

ನಮ್ಮ ಕರಾವಳಿಯ ಹವೆಯಾದರೋ ಉಕ್ಕಿನ ಪರಮ ವೈರಿ. ಪಡುಗಡಲಿನಿಂದ ವರ್ಷವಿಡೀ ಉಪ್ಪು ಗಾಳಿ. ಜೂನ್ ತಿಂಗಳಿನಿಂದ ಸುರುವಾಗಿ ಆಟಿ ಸೋಣಗಳ ತನಕ ಬಿಡದ ಮಳೆ. ಐ.ಸಿ.ಎಫ್. ಡಬ್ಬಿಯ ದೌರ್ಬಲ್ಯವೂ ಇಲ್ಲಿಯೇ ಇದ್ದಿತು. ಶೌಚಗೃಹದ ಕೆಳಗೆ, ಬಾಗಿಲಿನ ಹೊಸ್ತಿಲಿನ ಬಳಿ, ನೆಲದ ತಗಡಿನ ಮಡಿಕೆಗಳಲ್ಲಿ, ಪಕ್ಕದ ಉದ್ದ ತೊಲೆಯಲ್ಲಿ, ಹೀಗೆ ನೀರು ನಿಲ್ಲುವ ಕಡೆಗಳಲ್ಲೆಲ್ಲ ತುಕ್ಕು ಹಿಡಿಯುವುದು ಆ ಮಾದರಿಯ ಪ್ರಸಿದ್ಧ ವ್ಯಾಧಿ. ಮೇಲೆ ಬಣ್ಣವು ಹೊಳೆಯುತ್ತಿರುವಾಗಲೂ ಕೆಳಗೆ ತಗಡು ತೆಳ್ಳಗಾಗುತ್ತಿರುವುದು. ಒಡಲೇ ಭಾರವನ್ನು ಹೊರುವ ರಚನೆಯಲ್ಲಿ ತುಕ್ಕು ಎಂಬುದು ಚರ್ಮರೋಗವಲ್ಲ, ಎಲುಬಿನ ರೋಗ. ತಾಳೆ ಮರದ ತೊಲೆಗೆ ಗೆದ್ದಲು ಹಿಡಿದ ಮನೆಯಂತೆ, ಸುಣ್ಣ ಬಳಿದ ಮಾತ್ರಕ್ಕೆ ಅದು ಗಟ್ಟಿಯಾಗಲಾರದು.

ಆದುದರಿಂದಲೇ ರೈಲ್ವೆಯವರು ಆಯುಸ್ಸಿನ ಲೆಕ್ಕವನ್ನು ಇಟ್ಟಿರುವರು. ಐ.ಸಿ.ಎಫ್. ಡಬ್ಬಿಗೆ 25 ವರ್ಷವೆಂದು ಗೊತ್ತುಮಾಡಿದ ಸೇವಾವಧಿ. ದೂರದ ಗಾಡಿಗಳ ಡಬ್ಬಿಯು ಸಾಮಾನ್ಯವಾಗಿ 18 ತಿಂಗಳಿಗೊಮ್ಮೆ ಕಾರ್ಯಾಗಾರಕ್ಕೆ ಹೋಗಿ, ಒಡಲನ್ನು ಬೋಗಿಯಿಂದ ಎತ್ತಿಸಿಕೊಂಡು, ಗಾಲಿ ಸ್ಪ್ರಿಂಗುಗಳನ್ನು ಪರೀಕ್ಷಿಸಿಕೊಂಡು, ತುಕ್ಕನ್ನು ಕತ್ತರಿಸಿ ಹೊಸ ತಗಡನ್ನು ಬೆಸೆಯಿಸಿಕೊಂಡು ಬರಬೇಕು. ಮಧ್ಯವಯಸ್ಸಿನಲ್ಲಿ ಇನ್ನೂ ದೊಡ್ಡ ಜೀರ್ಣೋದ್ಧಾರ; ಅದಕ್ಕೆಂದೇ ಭೋಪಾಲದಲ್ಲಿ ಒಂದು ಕಾರ್ಯಾಗಾರವಿದೆ. ಕನ್ನಡ ನಾಡಿನಲ್ಲಿ ಹುಬ್ಬಳ್ಳಿಯಲ್ಲಿಯೂ ಮೈಸೂರಿನ ಅಶೋಕಪುರದಲ್ಲಿಯೂ ಡಬ್ಬಿಗಳ ದುರಸ್ತಿಯ ಕಾರ್ಯಾಗಾರಗಳುಂಟು. ಗಾಲಿ ಮತ್ತು ಅಚ್ಚುಗಳನ್ನು ಮಾಡುವ ಕಾರ್ಖಾನೆಯು 1984ರಿಂದ ಬೆಂಗಳೂರಿನ ಯಲಹಂಕದಲ್ಲಿದೆ. ಪ್ರಯಾಣಿಕರನ್ನು ಹೊರುವ ಕಾಲ ಮುಗಿದ ಮೇಲೆ ಎಷ್ಟೋ ಡಬ್ಬಿಗಳ ಕಿಟಕಿಗಳನ್ನು ಮುಚ್ಚಿ, ಕೊನೆಯಲ್ಲಿ ಬಾಗಿಲನ್ನು ತೆರೆದು, ಮೋಟಾರು ಕಾರುಗಳನ್ನು ಸಾಗಿಸುವ ಗಾಡಿಗಳನ್ನಾಗಿ ಮಾಡುತ್ತಾರೆ. ಮುದಿಯೆತ್ತನ್ನು ನೊಗದಿಂದ ಬಿಡಿಸಿ ಹಗುರ ಕೆಲಸಕ್ಕೆ ಹಚ್ಚಿದಂತಹ ಈ ವ್ಯವಸ್ಥೆಯು ಮೆಚ್ಚತಕ್ಕದ್ದೇ.

ಇನ್ನು ಆ ಜಾತಕವನ್ನು ಓದುವ ಬಗೆಯನ್ನು ಹೇಳುವೆವು. ಡಬ್ಬಿಯ ಪಕ್ಕದಲ್ಲಿ ದೊಡ್ಡದಾಗಿ ಬರೆದ ಸಂಖ್ಯೆಯ ಮೊದಲ ಎರಡು ಅಂಕೆಗಳು ಅದು ಹುಟ್ಟಿದ ವರ್ಷವನ್ನು ಸೂಚಿಸುವುವು. ಉಳಿದವು ದರ್ಜೆಯನ್ನೂ ಕ್ರಮಸಂಖ್ಯೆಯನ್ನೂ. ಕೊನೆಯ ಮೂರು ಅಂಕೆಗಳು 200ರಿಂದ 399ರೊಳಗಿದ್ದರೆ ಅದು ಮಲಗುವ ದರ್ಜೆಯದು. ಉದಾಹರಣೆಗಾಗಿ, 98234 ಎಂಬ ಸಂಖ್ಯೆಯಿದ್ದರೆ ಅದು 1998ರಲ್ಲಿ ಹುಟ್ಟಿದ ಮಲಗುವ ದರ್ಜೆಯ ಡಬ್ಬಿ. ಹಳೆಯ ಮಾದರಿಯದಾದರೆ 2023ರಲ್ಲಿ ಅದಕ್ಕೆ 25 ತುಂಬಿತೆಂದು ತಿಳಿಯಬೇಕು. ಡಬ್ಬಿಯ ಕೊನೆಯ ಗೋಡೆಯ ಮೇಲೆ, ಕಾರ್ಯಾಗಾರದ ಹೆಸರಿನೊಡನೆ, ದುರಸ್ತಿಯಾದ ಮತ್ತು ಮರಳಿ ಹೋಗಬೇಕಾದ ದಿನಗಳು ಸಣ್ಣ ಅಕ್ಷರಗಳಲ್ಲಿರುವುವು. ಗಾಡಿಯು ನಿಂತಿರುವಾಗ ಪ್ಲಾಟ್‌ಫಾರ್ಮಿನಿಂದಲೇ ಇವನ್ನು ನೋಡಿಕೊಳ್ಳಬಹುದು. ಹಳಿಗೆ ಇಳಿಯುವ ಸಾಹಸವನ್ನು ಯಾರೂ ಮಾಡತಕ್ಕದ್ದಲ್ಲ.

ಇಷ್ಟು ಲೆಕ್ಕ ನಮಗೇಕೆ ಎಂದು ಕೇಳುವವರಿಗೆ ಎರಡು ದಿನಗಳನ್ನು ನೆನಪಿಸುವೆವು. 2001ರ ಜೂನ್ 22ರಂದು ಮಂಗಳೂರಿನಿಂದ ಚೆನ್ನೈಗೆ ಹೊರಟ ಮೇಲ್ ಗಾಡಿಯ ಡಬ್ಬಿಗಳು ಕೇರಳದ ಕಡಲುಂಡಿ ಹೊಳೆಯ ಸೇತುವೆಯಲ್ಲಿ ಹಳಿ ತಪ್ಪಿ ನೀರಿಗೆ ಬಿದ್ದವು; ಐವತ್ತಕ್ಕೂ ಹೆಚ್ಚು ಮಂದಿ ಮೃತರಾದರು. 2004ರ ಜೂನ್ 16ರಂದು ಇದೇ ಮತ್ಸ್ಯಗಂಧಾ ಗಾಡಿಯು ಮಹಾರಾಷ್ಟ್ರದ ರಾಯಗಡ ಜಿಲ್ಲೆಯಲ್ಲಿ, ಗುಡ್ಡದಿಂದ ಉರುಳಿದ ಬಂಡೆಗಳಿಗೆ ಬಡಿದು ಸೇತುವೆಯಿಂದ ಬಿದ್ದಿತು; ಅಲ್ಲಿಯೂ ಹಲವರು ಅಸುನೀಗಿದರು. ಈ ಎರಡು ದುರಂತಗಳಿಗೂ ಡಬ್ಬಿಯೇ ಕಾರಣವೆಂದು ನಾವು ಹೇಳುತ್ತಿಲ್ಲ. ಹಾಗೆ ಹೇಳುವುದು ಅನ್ಯಾಯ. ಆದರೆ ದುರಂತಕ್ಕೆ ಕಾರಣವು ಸೇತುವೆಯಿರಲಿ ಬಂಡೆಯಿರಲಿ, ಅದು ನಡೆದ ಆ ಒಂದು ಕ್ಷಣದಲ್ಲಿ ಪ್ರಯಾಣಿಕನಿಗೂ ಮೃತ್ಯುವಿಗೂ ನಡುವೆ ನಿಲ್ಲುವುದು ಡಬ್ಬಿಯ ಗೋಡೆಯೊಂದೇ. ಆ ಗೋಡೆಯು ಗಟ್ಟಿಯಾಗಿರಬೇಕೆಂದು ಕೇಳುವುದು ಭೋಗದ ಆಸೆಯಲ್ಲ.

ಹೊಸ ಮಾದರಿಯು ಈ ದೃಷ್ಟಿಯಿಂದ ನಿಶ್ಚಯವಾಗಿಯೂ ಮೇಲಾದುದು. ಅದನ್ನು ರಚಿಸಿದ ಜರ್ಮನಿಯ ಲಿಂಕೆ ಹೋಫ್‌ಮಾನ್ ಬುಶ್ ಸಂಸ್ಥೆಯ ಹೆಸರಿನಿಂದ ಅದಕ್ಕೆ ಎಲ್.ಎಚ್.ಬಿ. ಎಂಬ ಹೆಸರು. 1995ರಲ್ಲಿ ಒಪ್ಪಂದವಾಗಿ, 2000ದ ಸುಮಾರಿಗೆ ಮೊದಲ ಡಬ್ಬಿಗಳು ಹಡಗಿನಲ್ಲಿ ಬಂದವು. ಬಳಿಕ ಪಂಜಾಬಿನ ಕಪೂರ್ತಲಾದಲ್ಲಿ ನಮ್ಮವರೇ ಅವನ್ನು ಮಾಡತೊಡಗಿದರು. ಇದರ ಒಡಲಿಗೆ ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು. ನಿಲ್ಲಿಸುವ ಅಚ್ಚುಗಳು ಗಾಲಿಯ ಮೈಯನ್ನು ಒತ್ತದೆ, ಗಾಲಿಯ ಅಚ್ಚಿಗೆ ಕೂಡಿಸಿದ ತಟ್ಟೆಯನ್ನು ಹಿಡಿಯುವುವು. ಪಕ್ಕದ ಬಫರುಗಳಿಲ್ಲ, ನಡುವೆ ಒಂದೇ ಬಲವಾದ ಕೊಂಡಿ. ಹಳಿ ತಪ್ಪಿದಾಗ ಒಂದು ಡಬ್ಬಿಯು ಇನ್ನೊಂದರ ಮೇಲೆ ಏರಿ ಹೋಗದಂತೆ ತಡೆಯುವುದೇ ಈ ಕೊಂಡಿಯ ದೊಡ್ಡ ಗುಣ. ಉದ್ದ ಸುಮಾರು 23.5 ಮೀಟರು, ಮಲಗುವ ದರ್ಜೆಯಲ್ಲಿ 80 ಹಲಗೆಗಳು, ರಚನೆಯ ವೇಗ ಗಂಟೆಗೆ 160 ಕಿಲೋಮೀಟರು, ಗೊತ್ತುಮಾಡಿದ ಸೇವಾವಧಿ 35 ವರ್ಷ. ನಮ್ಮ ಉಪ್ಪುಗಾಳಿಗೂ ಮಳೆಗೂ ಘಟ್ಟದ ಇಳಿಜಾರಿಗೂ ಇದಕ್ಕಿಂತ ತಕ್ಕುದಾದ ಡಬ್ಬಿಯನ್ನು ಹಳೆಯ ಮಾದರಿಯಲ್ಲಿ ಕಾಣಲಾರೆವು.

ಹಾಗೆಂದು ಹೊಸತೆಲ್ಲ ಅಮೃತವೆಂದು ಕುಣಿಯುವವರ ಪೈಕಿ ನಾವಲ್ಲ. ನಿಂತು ಹೊರಡುವಾಗ ಹೊಸ ಡಬ್ಬಿಗಳು ಜಗ್ಗುತ್ತವೆಂಬ ದೂರು ಮೊದಲಿನಿಂದಲೂ ಬಂದಿದ್ದಿತು. ಕೊಂಡಿಯೊಳಗಿನ ಸಾಧನವನ್ನು ತಿದ್ದಬೇಕಾಯಿತು. 2023ರ ಜೂನ್ 2ರಂದು ಒಡಿಶಾದ ಬಾಲೇಶ್ವರದಲ್ಲಿ ಕೋರಮಂಡಲ ಎಕ್ಸ್‌ಪ್ರೆಸ್ ಗಾಡಿಯು ನಿಂತಿದ್ದ ಸಾಮಾನು ಗಾಡಿಗೆ ಬಡಿದು ಇನ್ನೂರತೊಂಬತ್ತಕ್ಕೂ ಹೆಚ್ಚು ಜನರು ಮಡಿದಾಗ, ಅದರ ಡಬ್ಬಿಗಳು ಹೊಸ ಮಾದರಿಯವೇ ಆಗಿದ್ದವು. ಸಂಕೇತವು ತಪ್ಪಿ ಗಾಡಿಯು ತಪ್ಪು ಹಳಿಗೆ ನುಗ್ಗಿದ ಮೇಲೆ ಯಾವ ಉಕ್ಕೂ ಎಲ್ಲರನ್ನೂ ಉಳಿಸಲಾರದು. ಡಬ್ಬಿ, ಹಳಿ, ಸಂಕೇತ, ಇವನ್ನು ನೋಡಿಕೊಳ್ಳುವ ಮನುಷ್ಯ, ಈ ನಾಲ್ಕೂ ಒಂದು ಮಂಚದ ನಾಲ್ಕು ಕಾಲುಗಳು.

ಗಾಡಿಯ ಆಯುಸ್ಸು ಆರೈಕೆಯಿಂದ ಬೆಳೆಯುವುದೆಂಬುದಕ್ಕೆ ಪರದೇಶದ ಒಂದು ನಿದರ್ಶನವನ್ನು ಕೊಡಬಹುದು. ಏಷ್ಯಾಖಂಡದ ಮೊದಲ ನೆಲದೊಳಗಿನ ರೈಲು 1927ರಲ್ಲಿ ಜಪಾನಿನ ಟೋಕಿಯೋ ನಗರದಲ್ಲಿ ಓಡಿತು. ಅಲ್ಲಿಯ ಚಿಯೋದಾ ಮಾರ್ಗಕ್ಕಾಗಿ ಜಪಾನಿಗರು 1968ರಲ್ಲಿ 6000 ಎಂಬ ಸಂಖ್ಯೆಯ ಮಾದರಿಯೊಂದನ್ನು ಮೊದಲು ಪರೀಕ್ಷೆಗಾಗಿ ರಚಿಸಿದರು. ಅಲ್ಯೂಮಿನಿಯಂ ಒಡಲು, ನಿಲ್ಲಿಸುವಾಗ ವ್ಯರ್ಥವಾಗುವ ಶಕ್ತಿಯನ್ನು ವಿದ್ಯುತ್ತನ್ನಾಗಿ ತಂತಿಗೆ ಮರಳಿಸುವ ಏರ್ಪಾಡು. 1971ರಲ್ಲಿ ಸೇವೆಗೆ ಇಳಿದ ಆ ಗಾಡಿಗಳಲ್ಲಿ ಕೆಲವಕ್ಕೆ ನಡುವಯಸ್ಸಿನಲ್ಲಿ ಹೊಸ ಯಂತ್ರಗಳನ್ನು ಕೂಡಿಸಿ, 2018ರ ತನಕ ಓಡಿಸಿದರು. ಟೋಕಿಯೋ ಬಿಟ್ಟುಕೊಟ್ಟ ಕೆಲವು ಗಾಡಿಗಳು ಇಂಡೊನೇಷ್ಯಾದ ಜಕಾರ್ತಾಕ್ಕೆ ಹೋಗಿ ಅಲ್ಲಿಯೂ ಜನರನ್ನು ಹೊತ್ತವು. ನಮ್ಮಲ್ಲಿಯೂ ಪೆರಂಬೂರಿನಲ್ಲಿ ಕಟ್ಟಿದ ಗಾಡಿಗಳೇ 1984ರಲ್ಲಿ ಕಲಕತ್ತೆಯ ನೆಲದೊಳಗೆ, ಭಾರತದ ಮೊದಲ ಮೆಟ್ರೋದಲ್ಲಿ, ಓಡಿದವು. ಹವಾನಿಯಂತ್ರಣವಿಲ್ಲದ ಆ ಬಗೆಯ ಕೊನೆಯ ಗಾಡಿಗಳಿಗೆ 2021ರ ಅಕ್ಟೋಬರಿನಲ್ಲಿ ವಿದಾಯ ಹೇಳಿದರು. ಬೆಂಗಳೂರಿನ ನಮ್ಮ ಮೆಟ್ರೋ 2011ರಲ್ಲಿ ಆರಂಭವಾದಾಗ ಓಡಿದ ಗಾಡಿಗಳನ್ನು, ಕೊರಿಯದ ರೋಟೆಮ್ ಮತ್ತು ಜಪಾನಿನ ಮಿತ್ಸುಬಿಷಿ ಸಂಸ್ಥೆಗಳ ಸಹಯೋಗದಿಂದ ಕಟ್ಟಿದವರು ಬೆಂಗಳೂರಿನ ಬಿ.ಇ.ಎಂ.ಎಲ್. ಕಾರ್ಖಾನೆಯವರು. ಕಟ್ಟುವ ವಿದ್ಯೆಯು ನಮಗೆ ಬಾರದೆಂಬ ಮಾತು ಆದುದರಿಂದ ಸಲ್ಲದು. ಕೊರತೆಯಿರುವುದು ಲೆಕ್ಕ ತಪ್ಪದೆ ನೋಡಿಕೊಳ್ಳುವ ಶಿಸ್ತಿನಲ್ಲಿ.

ಟೋಕಿಯೋದಲ್ಲಿ ಆ ಮಾದರಿಯು ನಿವೃತ್ತವಾದ 2018ರಲ್ಲಿಯೇ, ಜನವರಿ 19ರಂದು, ಪೆರಂಬೂರಿನಿಂದ ಹಳೆಯ ಮಾದರಿಯ ಕೊನೆಯ ಡಬ್ಬಿಯು ಹೊರಬಿದ್ದಿತು. ಅದೇ ವರ್ಷ ಅದೇ ಕಾರ್ಖಾನೆಯಲ್ಲಿ ಮುಂದೆ ವಂದೇ ಭಾರತ್ ಎಂದು ಹೆಸರಾದ ಗಾಡಿಯು ಸಿದ್ಧವಾಯಿತು. ಆ ಬಗೆಯ ಗಾಡಿಗಳು 2023ರ ಡಿಸೆಂಬರಿನಲ್ಲಿ ಮಂಗಳೂರಿನಿಂದ ಮಡಗಾಂವಿಗೂ, 2024ರ ಮಾರ್ಚಿನಲ್ಲಿ ತಿರುವನಂತಪುರಕ್ಕೂ ಸಂಚಾರವನ್ನು ಆರಂಭಿಸಿದವು. ಅದಕ್ಕೂ ಮೊದಲು 2021ರ ಜುಲೈಯಲ್ಲಿ, ಘಟ್ಟದ ಸೌಂದರ್ಯವನ್ನು ನೋಡಲೆಂದು ಗಾಜಿನ ಮಾಡಿನ 44 ಆಸನಗಳ ಡಬ್ಬಿಗಳು ಬೆಂಗಳೂರು–ಮಂಗಳೂರು ಹಗಲುಗಾಡಿಗೆ ಸೇರಿದವು. ಇವೆಲ್ಲವೂ ಸಂತೋಷದ ಸಂಗತಿಗಳೇ. ಆದರೆ ವಾಚಕರು ವರ್ಷಗಳನ್ನು ಎಣಿಸಿ ನೋಡಲಿ. ಹೊಸ ಮಾದರಿಯು ದೇಶಕ್ಕೆ ಬಂದ ಸುಮಾರು ಕಾಲು ಶತಮಾನದ ತರುವಾಯ ಅದು ಮತ್ಸ್ಯಗಂಧೆಗೆ ಒದಗಿತು. ಹೆಚ್ಚು ದುಡ್ಡು ಕೊಡಬಲ್ಲವನಿಗೆ ಗಾಜಿನ ಮಾಡು ಮೊದಲು ಬಂದಿತು. ಮುಂಬಯಿಯಲ್ಲಿ ಲೋಟ ತೊಳೆದು ದುಡಿದು ವರ್ಷಕ್ಕೊಮ್ಮೆ ಊರಿಗೆ ಬರುವ ಹುಡುಗನಿಗೆ ತುಕ್ಕು ಹಿಡಿಯದ ಗೋಡೆಯು ಅನಂತರ ಬಂದಿತು. ಈ ಕ್ರಮವು ತಿರುಗಿ ಇರಬೇಕಾಗಿತ್ತೆಂದು ನಮ್ಮ ಅಭಿಪ್ರಾಯ.

ಈ ವಿಳಂಬಕ್ಕೆ ನಮ್ಮ ಊರಿನ ಗ್ರಹಗತಿಯೂ ಒಂದು ಕಾರಣವೆಂದು ತೋರುವುದು. ಮಂಗಳೂರಿನ ನಿಲ್ದಾಣಗಳು ದಕ್ಷಿಣ ರೈಲ್ವೆಯ ಪಾಲಕ್ಕಾಡು ವಿಭಾಗಕ್ಕೆ. ಘಟ್ಟದ ಹಾದಿಯು ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೆ. ತೋಕೂರಿನಿಂದ ಬಡಗಣದ ಹಾದಿಯು ಕೊಂಕಣ ರೈಲ್ವೆಗೆ. ಹೀಗೆ ಮೂರು ಆಡಳಿತಗಳ ಸಂಧಿಯಲ್ಲಿ ನಮ್ಮ ಊರು ಬೆಳೆಯಿತು. ಮೂರು ಮನೆಗೆ ಬೇಕಾದ ನೆಂಟನಿಗೆ, ಅವನು ಇನ್ನೊಂದು ಮನೆಯಲ್ಲಿ ಉಂಡಿರಬಹುದೆಂದು ಯಾವ ಮನೆಯವರೂ ಎಲೆ ಹಾಕುವುದಿಲ್ಲ. ದೂರನ್ನು ಒಯ್ದರೆ ಒಬ್ಬರು ಇನ್ನೊಬ್ಬರ ಬಾಗಿಲನ್ನು ತೋರಿಸುವರು. ಮಳೆಗಾಲದ ಒಂದು ರಾತ್ರಿ ನಾವು ಪ್ರಯಾಣ ಮಾಡಿದ ಗಾಡಿಯೊಂದರಲ್ಲಿ ಕಿಟಕಿಯ ಕವಾಟು ಕೆಳಗಿಳಿಯದೆ, ಹಾಸಿಗೆಯು ತೊಯ್ದು, ಎದುರಿನ ಹಲಗೆಯ ಬಾಣಂತಿಯೊಬ್ಬಳು ಮಗುವನ್ನು ಸೆರಗಿನಲ್ಲಿ ಸುತ್ತಿ ಬೆಳಗಿನ ತನಕ ಕುಳಿತಿದ್ದಳು. ಇದು ಯಾರ ಹೊಣೆಯೆಂದು ಕೇಳಿದಾಗ, ಅಲ್ಲಿದ್ದ ಸಿಬ್ಬಂದಿಯು, ಡಬ್ಬಿಯು ತಮ್ಮ ವಿಭಾಗದ್ದಲ್ಲವೆಂದು ಕೈಮುಗಿದನು. ಅವನ ಮೇಲೆ ನಮಗೆ ಸಿಟ್ಟಿಲ್ಲ. ಕೂಸಿಗೆ ಮಾತ್ರ ಯಾವ ವಿಭಾಗದ ಮಳೆಯಾದರೂ ಒಂದೇ.

ಆದುದರಿಂದ ನಾವು ಅಧಿಕಾರಿಗಳ ಮುಂದೆಯೂ ನಮ್ಮ ಪ್ರತಿನಿಧಿಗಳ ಮುಂದೆಯೂ ಮೂರು ಸೂಚನೆಗಳನ್ನು ಇಡುವೆವು. ಒಂದನೆಯದು: ಹಳೆಯ ಡಬ್ಬಿಗಳನ್ನು ಹಂತಹಂತವಾಗಿ ಬದಲಿಸುವುದು ಸರಕಾರದ ನೀತಿಯೇ ಆಗಿರುವಾಗ, ಕರಾವಳಿಯ ಯಾವ ಗಾಡಿಯಲ್ಲಿ ಯಾವ ವರ್ಷದ ಡಬ್ಬಿಗಳು ಓಡುತ್ತವೆ, ಯಾವಾಗ ಅವು ಬದಲಾಗುವುವು ಎಂಬ ಪಟ್ಟಿಯನ್ನು ಕನ್ನಡದಲ್ಲಿ ಪ್ರಕಟಿಸಬೇಕು, ಡಬ್ಬಿಯ ಹುಟ್ಟಿದ ವರ್ಷವನ್ನೂ ದುರಸ್ತಿಯ ಗಡುವನ್ನೂ ಬಾಗಿಲಿನ ಬಳಿ ಎಲ್ಲರೂ ಓದುವಷ್ಟು ದೊಡ್ಡದಾಗಿ ಬರೆಯಿಸಬೇಕು. ಎರಡನೆಯದು: ಕೊಂಕಣ ಮಾರ್ಗದಲ್ಲಿ ಮಳೆಗಾಲಕ್ಕೆಂದು ವೇಗವನ್ನು ತಗ್ಗಿಸಿ ಬೇರೊಂದು ವೇಳಾಪಟ್ಟಿಯನ್ನು ಮಾಡಿರುವರಷ್ಟೆ, ಹಳಿಗೆ ಮಳೆಗಾಲದ ಪಂಚಾಂಗವಿರುವಂತೆ ಡಬ್ಬಿಗೂ ಇರಲಿ. ಮೇ ತಿಂಗಳಿನಲ್ಲೊಮ್ಮೆ, ಮಳೆ ನಿಂತ ಮೇಲೆ ಇನ್ನೊಮ್ಮೆ, ಕರಾವಳಿಯ ಡಬ್ಬಿಗಳ ನೆಲ, ಹೊಸ್ತಿಲು, ಕಿಟಕಿ, ಕೊಂಡಿಗಳನ್ನು ವಿಶೇಷವಾಗಿ ಪರೀಕ್ಷಿಸತಕ್ಕದ್ದು. ಅದಕ್ಕೆ ಬೇಕಾದ ಪಿಟ್ ಲೈನುಗಳನ್ನೂ ಕೆಲಸಗಾರರನ್ನೂ ಮಂಗಳೂರಿಗೆ ಕೊಡತಕ್ಕದ್ದು. ಮೂರನೆಯದು: ಹಳಿಯು ಯಾರದೇ ಇರಲಿ, ಮಂಗಳೂರಿನಿಂದ ಹೊರಡುವ ಗಾಡಿಯ ಡಬ್ಬಿಗಳಿಗೆ ಸಂಬಂಧಿಸಿದ ದೂರನ್ನು ಕೇಳಿ ಉತ್ತರ ಕೊಡುವ ಹೊಣೆಯು ಮಂಗಳೂರಿನಲ್ಲಿಯೇ ಇರುವ ಒಬ್ಬ ಅಧಿಕಾರಿಗೆ ಸೇರಿರಬೇಕು.

ಈ ಮೂರಕ್ಕೂ ಬಹಳ ಹಣ ಬೇಕಾಗಿಲ್ಲ. ಪಟ್ಟಿಗೆ ಕಾಗದ, ಬರಹಕ್ಕೆ ಬಣ್ಣ, ಪರೀಕ್ಷೆಗೆ ಕೆಲವು ಜೊತೆ ನಿಷ್ಠೆಯ ಕೈಗಳು ಸಾಕು. ಹಾಗೆಯೇ ನಮ್ಮ ಪಾಲಿನ ಕರ್ತವ್ಯವನ್ನೂ ಮರೆಯಲಾಗದು. ಹೊಸ ಡಬ್ಬಿಯ ಆಸನವನ್ನು ಕತ್ತಿಯಿಂದ ಕೊರೆಯುವವನೂ, ನಲ್ಲಿಯನ್ನು ಕಿತ್ತು ಒಯ್ಯುವವನೂ, ವೀಳ್ಯದ ರಸವನ್ನು ಗೋಡೆಗೆ ಉಗುಳುವವನೂ ಪೆರಂಬೂರಿನಿಂದ ಬಂದವರಲ್ಲ, ನಮ್ಮೊಳಗಿನವರೇ. 35 ವರ್ಷವೆಂದು ಬರೆದ ಆಯುಸ್ಸನ್ನು 20ಕ್ಕೆ ಇಳಿಸುವ ಶಕ್ತಿ ನಮ್ಮ ಕೈಯಲ್ಲಿಯೂ ಇದೆ.

ಐ.ಸಿ.ಎಫ್. ಡಬ್ಬಿಯು ಮರದ ಡಬ್ಬಿಯ ಮೃತ್ಯುಪಾಶದಿಂದ ಒಂದು ತಲೆಮಾರನ್ನು ಬಿಡಿಸಿತು. ನಮ್ಮ ತಂದೆತಾಯಿಗಳನ್ನು ಕಾಶಿಗೂ, ನಮ್ಮನ್ನು ಉದ್ಯೋಗಕ್ಕೂ ಕೊಂಡೊಯ್ದಿತು. ಅದನ್ನು ನಾವು ಕೃತಜ್ಞತೆಯಿಂದಲೇ ಬೀಳ್ಕೊಡುವೆವು. ಆದರೆ ಯಾವ ಸೇವಕನನ್ನೂ ಅವನ ಬೆನ್ನು ಬಾಗಿದ ಮೇಲೆಯೂ ಹೊರೆ ಹೊರಿಸಿ ಬೀಳುವ ತನಕ ದುಡಿಸುವುದು ಧರ್ಮವಲ್ಲ. ಅವನ ಬೆನ್ನಿನ ಮೇಲೆ ನಮ್ಮ ಮಕ್ಕಳೇ ಕುಳಿತಿರುವಾಗ ಅದು ವಿವೇಕವೂ ಅಲ್ಲ. ಮುಂದಿನ ಬಾರಿ ಗಾಡಿ ಹತ್ತುವ ಮುಂಚೆ ವಾಚಕರು ಅರೆಕ್ಷಣ ನಿಂತು ಡಬ್ಬಿಯ ಮೇಲಿನ ಮೊದಲ ಎರಡು ಅಂಕೆಗಳನ್ನು ಓದಿಕೊಳ್ಳಲಿ. ಗಡುವು ಮೀರಿದುದನ್ನು ಕಂಡರೆ ಬರೆದು ತಿಳಿಸಲಿ. ಕೇಳುವ ಜನರಿರುವರೆಂದು ಗೊತ್ತಾದಲ್ಲಿ ಲೆಕ್ಕವಿಡುವವರು ಲೆಕ್ಕವನ್ನು ತಪ್ಪದೆ ಇಡುವರು.